ಬ್ರೆಡ್ ಮಿಷಿನ್ನಿಗೆ ಬಿದ್ದ ಮುದ್ದೆ

೧೯೮೬ನೇ ಇಸವಿಯಲ್ಲಿ ನನ್ನ ಓದು ನಿಂತಿತು. ಎಂಟನೇ ಕ್ಲಾಸಿನ ಅರ್ಧದಲ್ಲಿ. ಫೇಲಾಗಿ ಬಿಟ್ಟವನಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಾವಿಯ ಮೋಟಾರು ಸುಟ್ಟುಹೋಗಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ, ಶ್ರೀನಿವಾಸಪುರದಲ್ಲಿ ಬಸ್ಸಿಗೆ ಹಾಕಿ, ಪಕ್ಕದಲ್ಲಿ ನನ್ನನ್ನೂ ಕೂರಿಸಿ, "ಕೋಲಾರದಲ್ಲಿ ವೈಂಡಿಂಗಿಗೆ ಕೊಟ್ಟು ಅಲ್ಲೇ ಕಾದಿರು" ಅಂದ ಅಪ್ಪ. ಕಾದೆ. ಅಂಗಡಿಯವರು ಸುಟ್ಟ ತಂತಿಯನ್ನೆಲ್ಲ ಕಿತ್ತು ಹಾಕಿ, ಹೊಸ ತಾಮ್ರದ ತಂತಿಯನ್ನು ಒಂದೊಂದೇ ಸುತ್ತು ಎಣಿಸುತ್ತಾ ಸುತ್ತುತ್ತಿದ್ದರು. ಮಧ್ಯಾಹ್ನದ ಬಿಸಿಲು ಬಾಗಿಲಿಂದ ಒಳಗೆ ಬಂದು ಆ ತಂತಿಯ ಮೇಲೆ ಬಿದ್ದರೆ ಇಡೀ ಅಂಗಡಿ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತಿತ್ತು. ಮೂರನೇ ದಿನ ಅಪ್ಪ ಬಂದ. ಮೋಟಾರು ಊರಿಗೆ ಹೋಯಿತು, ನಾನು ಹೋಗಲಿಲ್ಲ.

ಹತ್ತು ವರ್ಷ ಅಲ್ಲಿ ಕಲಿತು, ಆಮೇಲೆ ಶ್ರೀನಿವಾಸಪುರದಲ್ಲಿ ನನ್ನದೇ ಅಂಗಡಿ ಹಾಕಿದೆ. ಇವತ್ತಿಗೂ ಮೋಟಾರು ಓಡುವ ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೋ, ಕಾಯಿಲ್ ಹೋಗಿದೆಯೋ ಹೇಳುತ್ತೇನೆ. ಬಿಚ್ಚುವುದು ಆಮೇಲೆ. ದೊಡ್ಡ ದೊಡ್ಡ ಓದು ಓದಿದವರು ಮಾವಿನ ತೋಟ ಕೊಂಡು, ಬೋರ್‌ವೆಲ್ ಹಾಕಿಸಿ, ಮೋಟಾರು ಕೈಕೊಟ್ಟಾಗ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ನನ್ನ ಬಾಯಿ ನೋಡುತ್ತಾರೆ. ಅದರಲ್ಲಿ ನನಗೊಂದಿಷ್ಟು ಜಂಬ ಇದೆ. ದುಡಿದು ಬಂದ ಜಂಬ, ಇರಲಿ.

ಇಂಥ ನಾನು ಐವತ್ತು ದಾಟಿದ ಮೇಲೆ ಒಂದು ಬ್ರೆಡ್ ಮಿಷಿನ್ನಿನ ಮುಂದೆ ಮಂಡಿಯೂರಿ ಕೂತದ್ದು ಅಮ್ಮನಿಗೋಸ್ಕರ.

ಹೋದ ವರ್ಷದ ಅವರೆಕಾಯಿ ಕಾಲದಲ್ಲಿ ಅಮ್ಮನ ಗಂಟಲಲ್ಲಿ ಮುದ್ದೆ ನಿಂತಿತು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಮುರಿದು ಸಾರಲ್ಲಿ ಅದ್ದಿ ನುಂಗುವುದು. ಎಪ್ಪತ್ತು ಚಿಲ್ಲರೆ ವರ್ಷ ಹಾಗೆ ನುಂಗಿದವಳು ಒಂದು ದಿನ ತುತ್ತು ಬಾಯಿಗಿಟ್ಟು, ಎದೆಯ ಮೇಲೆ ಕೈ ಒತ್ತಿಕೊಂಡು, ಗೋಡೆ ನೋಡುತ್ತಾ ಕೂತುಬಿಟ್ಟಳು. ಕೋಲಾರದ ಡಾಕ್ಟರು ಬಾಯಿಂದ ಕ್ಯಾಮರಾ ಇಳಿಸಿ ನೋಡಿ, ಅನ್ನನಾಳ ಕಿರಿದಾಗಿದೆ ಅಂತ ಹೇಳಿ, ಅದನ್ನು ಸ್ವಲ್ಪ ಹಿಗ್ಗಿಸಿ ಕಳಿಸಿದರು. "ಮುದ್ದೆ ಬೇಡ. ಗಂಜಿ ಕೊಡಿ. ಬ್ರೆಡ್ಡನ್ನ ಚೆನ್ನಾಗಿ ನೆನೆಸಿ ಕೊಡಿ, ಮೆತ್ತಗಾಗಿರಬೇಕು" ಅಂದರು.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಕೂತಿದ್ದಳು. ಅರ್ಧ ದಾರಿ ಕಳೆಯಿತು. ಆಮೇಲೆ ಕೇಳಿದಳು.

"ಬ್ರೆಡ್ಡು ಅಂದ್ನಾ ಆ ಡಾಕ್ಟ್ರು?"

"ಹೂಂ. ನೆನೆಸ್ಕೊಂಡು ತಿನ್ಬೇಕಂತೆ."

"ಹಂಗಾದ್ರೆ ಮುಗೀತು ಬಿಡು ನಾಯ್ನಾ."

ನಾಯ್ನಾ ಅಂದರೆ ಅಪ್ಪಾ, ಕಂದಾ ಅಂದ ಹಾಗೆ. ನಮ್ಮ ಮನೆಯಲ್ಲಿ ಮಾತು ಕನ್ನಡ, ಮುದ್ದು ಮಾತ್ರ ತೆಲುಗು. ಅವಳು ಮುಗೀತು ಅಂದದ್ದು ಯಾಕೆ ಅಂತ ನನಗೆ ಗೊತ್ತಿತ್ತು. ನಮ್ಮೂರಲ್ಲಿ ಬ್ರೆಡ್ಡು ಊಟವಲ್ಲ, ಕಾಯಿಲೆಯ ಗುರುತು. ಯಾರಾದರೂ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ನಡೆದರೆ ಎದುರಿಗೆ ಬಂದವರು ಯಾವ ವಾರ್ಡು ಅಂತ ಕೇಳುತ್ತಾರೆ. ಅಪ್ಪ ಆಸ್ಪತ್ರೆಯಲ್ಲಿ ಒಂಬತ್ತು ದಿನ ಬ್ರೆಡ್ಡು ತಿಂದ. ಹತ್ತನೇ ದಿನ ತಿನ್ನಲಿಲ್ಲ. ಹಾಲಲ್ಲಿ ಅದ್ದಿ ಬಾಯಿಗಿಟ್ಟವಳು ಅಮ್ಮನೇ. ಉಳಿದ ಅರ್ಧ ಪೊಟ್ಟಣವನ್ನು ಯಾರಿಗೂ ಕೊಡದೆ ಸೆರಗಲ್ಲಿ ಕಟ್ಟಿಕೊಂಡು ಮನೆಗೆ ಬಂದಿದ್ದಳು.

ಹಾಗಾಗಿ ಬ್ರೆಡ್ಡು ಮುಟ್ಟಲಿಲ್ಲ. ಗಂಜಿ ಕುಡಿದಳು. ರಾಗಿ ಗಂಜಿ, ಅಕ್ಕಿ ಗಂಜಿ, ಮಜ್ಜಿಗೆ ಹಾಕಿದ ಗಂಜಿ. ಅದರಿಂದ ಜೀವ ನಿಲ್ಲುತ್ತದೆ, ನಿಜ. ಆದರೆ ನಮ್ಮ ಮನೆಯಲ್ಲಿ ಊಟ ಅಂದರೆ ನಡುಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕೂರುವುದು. ಅಮ್ಮ ಕಂಬಕ್ಕೆ ಒರಗಿ ಕೂರುತ್ತಿದ್ದಳು, ಮೊದಲ ಮುದ್ದೆ ಅವಳ ತಟ್ಟೆಗೆ. ಈಗ ಲೋಟ ಹಿಡಿದು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬಳೇ ಕೂತು ಕುಡಿದು ಬರುವಳು. "ನೀವ್ ತಿನ್ರಪ್ಪಾ, ನಂದಾಯ್ತು." ಕಂಬದ ಬುಡ ಖಾಲಿ. ನಾವು ಮೂವರು, ನಾನು, ನನ್ನ ಹೆಂಡತಿ, ಮಗಳು, ಸಾರು ಸೊರಸೊರ ಅನ್ನಿಸದೆ ಕಳ್ಳರ ಹಾಗೆ ಉಣ್ಣುತ್ತಿದ್ದೆವು. ಅಮ್ಮನ ಬಳೆಗಳು ತಿಂಗಳಿಂದ ತಿಂಗಳಿಗೆ ಮಣಿಕಟ್ಟು ಬಿಟ್ಟು ಮೇಲೆ ಮೇಲೆ ಹತ್ತಿ ಮೊಣಕೈ ಹತ್ತಿರ ಬಂದವು.

ಒಂದು ಸಂಜೆ ಹಿತ್ತಲಿಗೆ ಹೋಗಿ ಪಕ್ಕದಲ್ಲಿ ಕೂತೆ.

"ಗಂಜಿ ಸೇರ್ತಾ ಇಲ್ವಾ ಅಮ್ಮಾ?"

"ಸೇರ್ತದೆ. ಹಸಿವೂ ಹೋಗ್ತದೆ. ಊಟ ಆಗಲ್ಲ ಅಷ್ಟೇ." ಬಲಗೈ ಬೆರಳುಗಳನ್ನು ಬಿಡಿಸಿ ನನಗೆ ತೋರಿಸಿದಳು. "ನೋಡು, ಬೆರಳಿಗೆ ಏನೂ ಹತ್ತಲ್ಲ."

ಆವತ್ತು ತೀರ್ಮಾನ ಮಾಡಿದೆ. ಇವಳ ಬೆರಳಿಗೆ ಹತ್ತುವಂಥದ್ದು, ಸಾರಲ್ಲಿ ಅದ್ದಿದರೆ ಕರಗುವಂಥದ್ದು, ರಾಗಿಯದ್ದು, ತಟ್ಟೆಯಲ್ಲಿ ಇಡುವಂಥದ್ದು ಏನಾದರೂ ಮನೆಯಲ್ಲಿ ಆಗಬೇಕು. ಅವಳು ಕಂಬದ ಬುಡಕ್ಕೆ ವಾಪಸು ಬರಬೇಕು.

ಮಗಳು ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಕಂಪನಿ ಬಸ್ಸು ಬೆಳಗಿನ ಜಾವ ರಸ್ತೆಗೆ ಬರುತ್ತದೆ, ಶಿಫ್ಟು ಮುಗಿಸಿ ಮಧ್ಯಾಹ್ನ ಇಳಿಯುತ್ತಾಳೆ. ಒಂದು ದಿನ ಬರುವಾಗ ರಾಗಿ ಬ್ರೆಡ್ಡು ತಂದಳು. ಪೊಟ್ಟಣದ ಮೇಲೆ ರಾಗಿಯ ತೆನೆಯ ಚಿತ್ರ. ಅಮ್ಮ ಒಂದು ತುಂಡು ಕೈಗೆ ತಗೊಂಡು ಮೂಸಿ ನೋಡಿದಳು.

"ಯಾರ ಹೊಲದ್ದೇ ಈ ರಾಗಿ?"

"ಅಂಗಡೀದು ಅಜ್ಜಿ. ಹೊಲ ನಂಗೇನ್ ಗೊತ್ತು."

"ಹೊಲ ಗೊತ್ತಿಲ್ದಿರೋ ರಾಗಿನ ಹೆಂಗೇ ತಿನ್ಲಿ? ಬಣ್ಣ ಐತೆ, ವಾಸ್ನೆ ಇಲ್ಲ. ಬಣ್ಣಕ್ಕೆ ಕಬ್ಬಿನ ಕಾಕಂಬಿ ಕಲ್ಸವ್ರೆ ಇದ್ಕೆ."

ಪೊಟ್ಟಣವನ್ನು ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದ ಮಗಳು ನಕ್ಕುಬಿಟ್ಟಳು. "ಅಪ್ಪಾ, ಅಜ್ಜಿ ಹೇಳಿದ್ದು ನಿಜ ಕಣಪ್ಪಾ. ರಾಗಿ ಇರೋದು ಚೂರೇ ಚೂರು." ಆಮೇಲೆ ಮೊಬೈಲಲ್ಲಿ ಒಂದು ಚಿತ್ರ ತೋರಿಸಿದಳು. ಅಕ್ಕಿ ಡಬ್ಬದಷ್ಟು ಎತ್ತರದ ಬಿಳಿ ಪೆಟ್ಟಿಗೆ, ನೆತ್ತಿಯ ಮೇಲೆ ಗಾಜಿನ ಕಿಟಕಿ. ಹಿಟ್ಟು ನೀರು ಹಾಕಿ ಗುಂಡಿ ಒತ್ತಿದರೆ ಅದೇ ಕಲಸಿ, ಅದೇ ಉಬ್ಬಿಸಿ, ಅದೇ ಬೇಯಿಸುತ್ತದಂತೆ. "ನಮ್ಮ ರಾಗೀನೇ ಹಾಕ್ಬೋದು ಅಪ್ಪಾ."

ಮಿಷಿನ್ನು ಅಂದ ಮೇಲೆ ಅದು ನನ್ನ ಕಡೆಗೆ ಬಂದ ಮಾತು.

ಕೋಲಾರದ ಅಂಗಡಿಗೆ ಹೋದೆ. ಮಿಕ್ಸಿ, ಗ್ರೈಂಡರು ಸಾಲು ಸಾಲಾಗಿ ಇದ್ದವು, ಬ್ರೆಡ್ಡಿನದು ಇರಲಿಲ್ಲ. "ಆರ್ಡರ್ ಹಾಕಿದ್ರೆ ನಾಲ್ಕು ದಿನಕ್ಕೆ ಬರುತ್ತೆ ಸಾರ್" ಅಂತ ಅಂಗಡಿಯವನು ಪುಸ್ತಕ ಬಿಡಿಸಿ ಮೂರು ಬಗೆ ತೋರಿಸಿದ. ಒಂದು ಚಿಕ್ಕದು, ಇಬ್ಬರಿಗಾಗುವಷ್ಟು. ಒಂದಕ್ಕೆ ಕಲಸುವ ರೆಕ್ಕೆ ಎರಡು. ಒಂದಕ್ಕೆ ಹತ್ತೊಂಬತ್ತು ಬಗೆಯ ಅಡುಗೆ, ಜಾಮು ಕೂಡ ಮಾಡುತ್ತದಂತೆ.

"ಓಡಿಸಿ ತೋರ್ಸಿ" ಅಂದೆ.

"ಪುಸ್ತಕದಲ್ಲಿರೋದನ್ನ ಹೆಂಗ್ ಸಾರ್ ಓಡ್ಸೋದು?"

"ಸದ್ದು ಕೇಳ್ದೆ ಮೋಟಾರು ತಗೊಳ್ಳೋನಲ್ಲಪ್ಪ ನಾನು."

ಅವನು ಪುಸ್ತಕ ಮುಚ್ಚಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೋಡಲಿ.

ಕೊನೆಗೆ ಸಿಕ್ಕಿದ್ದು ಮಾಲೂರಿನಲ್ಲಿ. ಮಗಳ ಕಂಪನಿಯ ಎಂಜಿನಿಯರೊಬ್ಬರಿಗೆ ಬೇರೆ ರಾಜ್ಯಕ್ಕೆ ವರ್ಗವಾಗಿ, ಮನೆ ಸಾಮಾನು ಮಾರುತ್ತಿದ್ದರು. ಭಾನುವಾರ ಹೋದೆ. ಆ ಮನೆಯ ಹೆಂಗಸಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ಮಿಷಿನ್ನನ್ನು ಮಗುವಿನ ಹಾಗೆ ಒರೆಸಿ ಇಟ್ಟಿದ್ದರು. ಅದರೊಳಗಿನ ಪಾತ್ರೆಗೆ ಹಿಟ್ಟು ನೀರು ಹಾಕಿ ಓಡಿಸಿದರು. ಖಾಲಿ ಕೋಣೆ, ಗೋಡೆಗೆ ಒರಗಿದ ಕಟ್ಟಿದ ಪೆಟ್ಟಿಗೆಗಳು. ನಾನು ಕಣ್ಣು ಮುಚ್ಚಿ ಕೇಳಿದೆ. ಮೊದಲು ಸಣ್ಣಗೆ ಟಕ್ ಟಕ್ ಅಂದು, ಆಮೇಲೆ ಒಂದೇ ಸಮನೆ ತಿರುಗತೊಡಗಿತು. ಹಿಟ್ಟು ಕೂಡಿಕೊಂಡ ಹಾಗೆಲ್ಲ ಸದ್ದು ತಗ್ಗಿ ದಪ್ಪವಾಯಿತು. ಲೋಡು ಬಂದರೂ ಮೋಟಾರು ಮುಲುಗಲಿಲ್ಲ. ಬೆಲ್ಟು ಎಲ್ಲೂ ಜಾರಲಿಲ್ಲ. ಬೇಸಿಗೆಯ ಮಧ್ಯಾಹ್ನ ತೋಟದ ಆ ತುದಿಯಲ್ಲಿ ಪಂಪು ಓಡುತ್ತಿದ್ದರೆ ಮಾವಿನ ಮರದ ಕೆಳಗೆ ಮಲಗಿದವನಿಗೆ ಕೇಳುತ್ತದಲ್ಲ, ಹಾಗಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕಣ್ಣು ಬಿಟ್ಟಾಗ ಆ ಹೆಂಗಸು ನನ್ನನ್ನೇ ನೋಡುತ್ತಿದ್ದರು.

"ಅಂಕಲ್, ಚೆನ್ನಾಗಿದೆಯಾ?"

"ಒಳ್ಳೇ ಮೋಟಾರಮ್ಮ. ಇದೇ ಇರ್ಲಿ."

ಹೊರಡುವಾಗ ಅವರು ಬೆರಳು ಮಡಚಿ ಮಡಚಿ ಹೇಳಿಕೊಟ್ಟರು. ಮೊದಲು ನೀರು, ಉಪ್ಪು, ಸಕ್ಕರೆ, ಎಣ್ಣೆ. ಅದರ ಮೇಲೆ ಹಿಟ್ಟು. ಹಿಟ್ಟಿನ ನೆತ್ತಿಯಲ್ಲಿ ಒಂದು ಗುಳಿ ಮಾಡಿ ಕೊನೆಗೆ ಯೀಸ್ಟು. ಯೀಸ್ಟಿಗೆ ಮೊದಲೇ ನೀರು ತಾಗಬಾರದು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಸಾಲನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಬಂದೆ. ಜೊತೆಗೆ ಕೊಟ್ಟ ಇಂಗ್ಲಿಷ್ ಪುಸ್ತಕ ಚೀಲದಲ್ಲಿತ್ತು. ಮಗಳಿಗೆ ಓದಲು ಕೊಟ್ಟಿದ್ದರೆ ಓದುತ್ತಿದ್ದಳು. ಕೊಡಲಿಲ್ಲ.

ಮಾರನೆಯ ದಿನ ಅಂಗಡಿಗೆ ಬೀಗ. ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಹುರುಳಿಕಾಳು ಆರಿಸುತ್ತಿದ್ದಳು, ಒಳಗೆ ನಾನು ನಮ್ಮ ಹೊಲದ ರಾಗಿ ಹಿಟ್ಟನ್ನು ಅಳೆದು ಹಾಕುತ್ತಿದ್ದೆ. ಬರೀ ರಾಗಿ. ಮೈದಾ, ಗೋಧಿ ಒಂದು ಚಿಟಿಕೆಯಿಲ್ಲ. ಅಮ್ಮನಿಗೆ ಬೇಕಾದ್ದು ರಾಗಿ ತಾನೇ? ಗುಂಡಿ ಒತ್ತಿದೆ. ರೆಕ್ಕೆ ತಿರುಗಿತು. ಕಿಟಕಿಯಲ್ಲಿ ಬಗ್ಗಿ ನೋಡಿದೆ. ನೋಡಿದ್ದಕ್ಕಿಂತ ಕೇಳಿದ್ದರಲ್ಲಿ ಗೊತ್ತಾಯಿತು. ಸದ್ದು ದಪ್ಪವಾಗಲಿಲ್ಲ. ಹಿಟ್ಟು ಕೂಡಿಕೊಳ್ಳಲೇ ಇಲ್ಲ. ಕೆರೆಯಂಗಳದ ಒದ್ದೆ ಮರಳನ್ನು ತಿರುವಿದ ಹಾಗೆ ಮೋಟಾರು ಹಗುರವಾಗಿ ಸುತ್ತುತ್ತಲೇ ಇತ್ತು. ಮೂರು ಗಂಟೆ ಆದಮೇಲೆ ಪಾತ್ರೆಯನ್ನು ಬೋರಲು ಹಾಕಿದರೆ ದಪ್ಪ್ ಅಂತ ಬಿತ್ತು ಒಂದು ಕಪ್ಪು ಇಟ್ಟಿಗೆ. ಒಳಗೆ ಕಲಸುವ ರೆಕ್ಕೆ ಹಲ್ಲಿನ ಹಾಗೆ ಕಚ್ಚಿಕೊಂಡಿತ್ತು.

"ಮಾಲೂರಿಂದ ತಂದ್ರಲ್ಲ, ಇಟ್ಟಿಗೇನೇ ಬಂದೈತೆ" ಅಂದಳು ಹೆಂಡತಿ. ಮಾಲೂರು ಕಡೆ ಇಟ್ಟಿಗೆ ಗೂಡುಗಳು ಜಾಸ್ತಿ.

ಅಮ್ಮ ಬಂದು ಅದನ್ನು ಬೆರಳಿಂದ ಕುಟ್ಟಿ ನೋಡಿದಳು. "ಹೊಸಿಲಿಗೆ ಇಟ್ಟರೆ ಬಾಗ್ಲು ಗಾಳೀಗೆ ಬಡ್ಕೊಳ್ಳಲ್ಲ" ಅಂದು ಹೊರಟಳು. ತಿಂಗಳುಗಳಾದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ.

ಎರಡನೇ ಸಲ ಅರ್ಧ ರಾಗಿ, ಅರ್ಧ ಗೋಧಿ ಹಾಕಿದೆ. ಸ್ವಲ್ಪ ಉಬ್ಬಿತು. ಕೊಯ್ದರೆ ಪುಡಿಪುಡಿ. ಸಾರಲ್ಲಿ ಅದ್ದಿದರೆ ತಳಕ್ಕೆ ಹೋಗಿ ಗಸಿಯಾಯಿತು. ಆದರೂ ಬೇಯುವಾಗ ವಾಸನೆ ಮಾತ್ರ ಎದ್ದು ಬೀದಿಗೆ ಹೋಗಿತ್ತು. ಆ ವಾಸನೆಯಿಂದ ಆದದ್ದೇ ಬೇರೆ.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಗೌಡಮ್ಮ ಎರಡು ಎಳನೀರು, ಒಂದು ಚೀಲ ಮೂಸಂಬಿ ಹಿಡಿದು, ಮುಖ ಸಣ್ಣ ಮಾಡಿಕೊಂಡು ಬಂದರು. ಜಗಲಿಯಲ್ಲಿದ್ದ ಅಮ್ಮನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡರು.

"ಯಾವಾಗ್ಲಿಂದಕ್ಕಾ?"

"ಏನ್ ಯಾವಾಗ್ಲಿಂದ?"

"ಮನೇಲೇ ಬ್ರೆಡ್ಡು ಮಾಡೋ ಮಿಷಿನ್ನೇ ತಂದವ್ರೆ ಅಂದ್ರೆ... ಡಾಕ್ಟ್ರು ಕೈಬಿಟ್ರಾ?"

ಅಮ್ಮ ಕೈ ಕಿತ್ತುಕೊಂಡಳು. "ಏನಾಗೈತೆ ನಂಗೆ? ಬೆಳಿಗ್ಗೆ ಕೊಟ್ಟಿಗೆ ಬಳಿದಿದ್ದೋಳು ನಾನು. ನಿನ್ ಸೊಸೆ ಒಂಬತ್ತು ಗಂಟೆಗೆ ಏಳ್ತಾಳಲ್ಲ, ಅವಳಿಗೆ ಕುಡ್ಸು ಹೋಗು ಈ ಎಳನೀರ್ನ."

"ಕೋಪ ಮಾಡ್ಕೋಬೇಡಕ್ಕಾ. ಬ್ರೆಡ್ಡು ಅಂದ್ರೆ ಬ್ರೆಡ್ಡಲ್ವಾ."

ಗೌಡಮ್ಮನ ಹಿಂದೆಯೇ ಇನ್ನೂ ಇಬ್ಬರು ಬಂದರು. ಸಂಜೆಗೆ ನಮ್ಮ ಜಗಲಿಯಲ್ಲಿ ಹಣ್ಣಿನಂಗಡಿ ಇಡಬಹುದಾಗಿತ್ತು. ನಗಬೇಕಾದ ಸಂಗತಿ. ಆದರೆ ಆ ಸಂಜೆ ಅಮ್ಮ ಗಂಜಿಯ ಲೋಟವನ್ನೂ ಬೇಡ ಅಂದು ಮುಸುಕು ಹಾಕಿ ಮಲಗಿದಳು. ನಾನು ಅವಳನ್ನು ಕಂಬದ ಬುಡಕ್ಕೆ ತರಲು ಹೋಗಿ, ಊರಿನ ಕಣ್ಣಲ್ಲಿ ಹಾಸಿಗೆ ಹಿಡಿಸಿಬಿಟ್ಟಿದ್ದೆ.

ಮಿಷಿನ್ನನ್ನು ಅಟ್ಟಕ್ಕೆ ಹಾಕೋಣ ಅಂತ ಎತ್ತಿಕೊಂಡೆ. ಹೆಂಡತಿ ತಡೆದಳು. ಅವಳದು ಮುಳಬಾಗಿಲಿನ ಕಡೆ ತವರು, ರೇಷ್ಮೆ ಹುಳು ಸಾಕುವ ಮನೆ. ಮಾತು ಕಡಿಮೆ. ಸಹನೆ ನನಗಿಂತ ನಾಲ್ಕು ಪಟ್ಟು.

"ರೀ, ಒಂದ್ ಸಲ ಗೋಧಿ ಹಿಟ್ಟನ್ನೇ ಪೂರಾ ಹಾಕಿ. ರಾಗಿನ ಹಿಟ್ಟಾಗಿ ಹಾಕೋದ್ಬೇಡ. ಮುದ್ದೆ ಮಾಡಿ ಹಾಕೋಣ."

"ಬ್ರೆಡ್ಡಿಗೆ ಮುದ್ದೆನಾ? ತಲೆ ಕೆಟ್ಟಿದೆಯೇನೇ?"

"ಹಸಿ ಹಿಟ್ಟು ಕೂಡ್ಕೊಳ್ಳಲ್ಲ, ನೋಡಿದ್ರಲ್ಲ. ಬೆಂದ್ರೆ ಅದೇ ಹಿಟ್ಟು ಒಂದಕ್ಕೊಂದು ಅಂಟ್ಕೊಂಡು ಮುದ್ದೆ ಆಗಲ್ವಾ? ನೀವು ತಂತಿ ಸುತ್ತೋದು ಬಿಟ್ಟು ಒಂದಿನ ಒಲೆ ಮುಂದೆ ನಿಂತಿದ್ರೆ ಗೊತ್ತಾಗ್ತಿತ್ತು."

ಮಾತು ಸರಿಯಾಗಿತ್ತು, ಮಿಷಿನ್ನನ್ನು ಕೆಳಗಿಟ್ಟೆ. ಭಾನುವಾರ ಬೆಳಿಗ್ಗೆ ಅವಳು ಮುದ್ದೆ ತಿರುವಿದಳು. ಮುದ್ದೆ ಬಿಸಿಯಾಗಿರಬೇಕು ಅನ್ನುವುದು ನಮ್ಮ ರಕ್ತದಲ್ಲಿ ಬಂದದ್ದು. ಹಬೆಯಾಡುವ ಮುದ್ದೆ ಬಡಿಸದ ಮನೆಯ ಮಾತನ್ನು ನೆಂಟರು ಮೂರು ಊರು ದಾಟಿಸುತ್ತಾರೆ. ಹಾಗಾಗಿ ನಾನು ಒಲೆಯಿಂದ ಇಳಿಸಿದ ಮುದ್ದೆಯನ್ನು ಆರಗೊಡದೆ, ಕೈ ಸುಡುತ್ತಿದ್ದರೂ ಓಡೋಡಿ ತಂದು, ಪಾತ್ರೆಗೆ ಹಾಕಿ, ಮೇಲೆ ಹಿಟ್ಟು, ಯೀಸ್ಟು ಹಾಕಿ ಗುಂಡಿ ಒತ್ತಿದೆ. ಈ ಸಲ ಸದ್ದು ಸರಿಯಾಗಿ ಬಂತು. ದಪ್ಪವಾಗಿ, ಗಂಭೀರವಾಗಿ. ಹಿಟ್ಟು ಚೆಂಡಿನ ಹಾಗೆ ಉರುಳಿತು.

ಆದರೆ ಉಬ್ಬಲಿಲ್ಲ. ಒಂದು ಗಂಟೆ ಕಿಟಕಿಯ ಮುಂದೆ ಕೂತೆ. ಮಲಗಿದ ಹಿಟ್ಟು ಏಳಲೇ ಇಲ್ಲ. ಬೆಂದು ಬಂದಾಗ ಬಂಡೆಯಲ್ಲ, ಮುದ್ದೆಯೂ ಅಲ್ಲ, ಬ್ರೆಡ್ಡಂತೂ ಅಲ್ಲವೇ ಅಲ್ಲ. ನನಗೆ ರೇಗಿತು.

"ನಿನ್ ಮಾತು ಕೇಳಿ ಹಾಳಾಯ್ತು."

"ನಾನ್ ಮುದ್ದೆ ಹಾಕಿ ಅಂದೆ. ಬೆಂಕಿ ಹಾಕಿ ಅಂದ್ನಾ?"

"ಬಿಸಿ ಇಲ್ದೆ ಮುದ್ದೆ ಅಂತಾರೇನೇ?"

"ಅದು ತಿನ್ನೋರಿಗೆ!"

ನಮ್ಮ ದನಿ ಏರಿದ್ದಕ್ಕೆ ಅಮ್ಮ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದಳು. ಮೂರು ದಿನದಿಂದ ಆ ಕಡೆ ತಲೆ ಹಾಕಿರಲಿಲ್ಲ. ಯೀಸ್ಟಿನ ಡಬ್ಬಿ ತಗೊಂಡು ಮೂಸಿದಳು.

"ಏನ್ಲಾ ಇದು? ಹುಳಿ ವಾಸ್ನೆ ಬರ್ತದೆ."

"ಅದೇ ಅಮ್ಮಾ ಹಿಟ್ಟು ಉಬ್ಬಿಸೋದು. ಜೀವ ಇರುತ್ತಂತೆ ಅದ್ರಲ್ಲಿ."

"ಜೀವ ಐತೆ?"

"ಹೂಂ."

ಅಮ್ಮ ನನ್ನನ್ನು ನೋಡಿದಳು. ನಾನು ಚಿಕ್ಕವನಿದ್ದಾಗ ಮಗ್ಗಿ ತಪ್ಪಿದರೆ ನೋಡುತ್ತಿದ್ದ ನೋಟ.

"ಜೀವ ಇರೋದ್ರ ಮೇಲೆ ಕುದಿಯೋ ಮುದ್ದೆ ಹೇರಿದ್ಯಲ್ಲೋ. ಹೆಪ್ಪು ಹಾಕೋವಾಗ ಬಿಸಿ ಹಾಲಿಗೆ ಹಾಕ್ತಾರೇನೋ? ಅಂಬಲಿ ಆರ್ದೆ ಹುಳಿ ಏರ್ತದಾ? ನಲವತ್ತು ವರ್ಷ ಮೋಟಾರ್ ಬಿಚ್ಚಿದ್ದೀಯ, ಇಷ್ಟು ಹೊಳೀಲಿಲ್ವಾ?" ಆಮೇಲೆ ಸೊಸೆಯ ಕಡೆ ತಿರುಗಿ, "ನೀನಾದ್ರೂ ಹೇಳ್ಬಾರ್ದಾಮ್ಮಾ?"

"ನಿಮ್ಮ ಮಗನಿಗೆ ಹೇಳೋಕಾಗುತ್ತಾ ಅತ್ತೆ?"

"ಅದೂ ನಿಜ."

ಇಬ್ಬರೂ ಒಂದಾದರು. ನಾನು ಪಾತ್ರೆ ಉಜ್ಜಿದೆ.

ಅಮ್ಮ ಹೇಳಿದ್ದು ಇಷ್ಟು. ಮುದ್ದೆ ತಂಗಳಾಗಿರಬೇಕು. ನಮ್ಮಲ್ಲಿ ರಾತ್ರಿ ಉಳಿದ ಮುದ್ದೆಯನ್ನು ನೀರಲ್ಲಿ ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಾರೆ. ಆ ಮುದ್ದೆ ಮೆತ್ತಗಾಗಿ, ಸಣ್ಣ ಹುಳಿ ಹತ್ತಿ, ತಣ್ಣಗಿರುತ್ತದೆ. ಅದನ್ನು ಹಾಕು ಅಂದಳು. ಸಂಜೆಯ ಅಡುಗೆಯ ಹೊತ್ತಿಗೆ ತಾನೇ ಒಲೆಯ ಮುಂದೆ ನಿಂತಳು. ಮುದ್ದೆ ಕೋಲು ಹಿಡಿದು ತಿರುವುವಾಗ ಬಳೆಗಳು ಮೊಣಕೈಯಿಂದ ಇಳಿದು, ಹತ್ತಿ, ಮತ್ತೆ ಇಳಿದವು. ಸೊಸೆ ಕೈ ನೀಡಿದರೆ ಕೊಡಲಿಲ್ಲ. ಒಂದು ಮುಷ್ಟಿ ಮುದ್ದೆಯನ್ನು ಮಣ್ಣಿನ ಬೋಗುಣಿಯ ನೀರಲ್ಲಿ ಇಳಿಬಿಟ್ಟು ಮೇಲೆ ತಟ್ಟೆ ಮುಚ್ಚಿದಳು.

ಬೆಳಿಗ್ಗೆ ಅದನ್ನು ಬಸಿದು, ಬೆರಳಲ್ಲಿ ಹಿಸುಕಿ ಹಿಸುಕಿ ಗಂಟಿಲ್ಲದ ಹಾಗೆ ಮಾಡಿ ಪಾತ್ರೆಗೆ ಹಾಕಿದವಳು ಅಮ್ಮನೇ. ನೀರು ನಾನು ಕಡಿಮೆ ಮಾಡಿದೆ. ಗೋಧಿ ಹಿಟ್ಟು ಹೆಂಡತಿ ಅಳೆದಳು. ಗುಳಿ ಮಾಡಿ ಯೀಸ್ಟು ನಾನೇ ಹಾಕಿದೆ, ಅದನ್ನು ಬಿಟ್ಟುಕೊಡಲಿಲ್ಲ.

ಫೆಬ್ರವರಿಯ ಕೊನೆ. ಹೊರಗೆ ಮಾವಿನ ಹೂವು ಉದುರಿ ಕಡ್ಡಿ ತುದಿಯಲ್ಲಿ ಸಾಸಿವೆಯಷ್ಟು ಕಾಯಿ ಕಚ್ಚುವ ಹೊತ್ತು. ಬಾಗಿಲಿಂದ ಹೂವಿನ ಘಾಟು ಒಳಗೆ ಬರುತ್ತಿತ್ತು. ಮಿಷಿನ್ನು ಕಲಸಿತು, ನಿಂತಿತು, ಮತ್ತೆ ಕಲಸಿತು. ಸದ್ದು ತಗ್ಗಿ, ದಪ್ಪವಾಗಿ, ನೆಲಕ್ಕೆ ಇಳಿದು, ನನ್ನ ಅಂಗಾಲಿಗೆ ತಾಗುತ್ತಿತ್ತು. ಆಮೇಲೆ ಪೂರ್ತಿ ಮೌನ. ನಾನು ಮುಚ್ಚಳ ಎತ್ತಲು ಹೋದೆ.

"ಮುಟ್ಬೇಡಿ" ಅಂದಳು ಹೆಂಡತಿ. "ಜ್ವರಕ್ಕೆ ಕೂತಿದೆ."

ರೇಷ್ಮೆ ಹುಳುಗಳು ಪೊರೆ ಬಿಡುವ ಮೊದಲು ಸೊಪ್ಪು ತಿನ್ನದೆ, ತಲೆ ಎತ್ತಿ, ಅಲುಗಾಡದೆ ಕೂತುಬಿಡುತ್ತವೆ. ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಮನೆಯವರು ಮಾತು ಕೂಡ ಮೆಲ್ಲಗೆ ಆಡುತ್ತಾರೆ. ಎದ್ದ ಮೇಲೆ ಹುಳು ಮೊದಲಿನದಲ್ಲ, ದೊಡ್ಡದು. ಅವಳು ಹಾಗಂದ ಮೇಲೆ ನಾವು ಮೂವರೂ ಅಡುಗೆಮನೆಯ ನೆಲದ ಮೇಲೆ ಸುಮ್ಮನೆ ಕೂತೆವು. ಬೆಳಗ್ಗಿನ ಬಿಸಿಲು ಹಂಚಿನ ಸಂದಿಯಿಂದ ಇಳಿದು, ಗಾಜಿನ ಕಿಟಕಿಯ ಮೇಲೆ ಬಂದು ನಿಂತಿತು. ಒಳಗೆ ಏನೋ ನಿಧಾನವಾಗಿ ಉಸಿರು ಎಳೆದುಕೊಳ್ಳುತ್ತಿತ್ತು. ಏರುವುದು ಕಣ್ಣಿಗೆ ಕಾಣುವುದಿಲ್ಲ. ಒಮ್ಮೆ ಕಣ್ಣು ತಿರುಗಿಸಿ ಮತ್ತೆ ನೋಡಿದರೆ ಏರಿರುತ್ತದೆ. ಅಮ್ಮ ತೂಕಡಿಸಿದಳು. ನನಗೂ ಮಂಪರು. ಬಾವಿಯ ಕಟ್ಟೆ, ಗೋಣಿಚೀಲ, ಅಪ್ಪನ ಬೀಡಿಯ ವಾಸನೆ, ಎಲ್ಲ ಒಂದರೊಳಗೊಂದು ಕಲಸಿಕೊಂಡು ತಿರುಗಿದವು. ಎಚ್ಚರವಾದಾಗ ಕಿಟಕಿಯ ತುಂಬ ಕಂದು ಬಣ್ಣದ ಗುಮ್ಮಟ, ಮನೆಯ ತುಂಬ ಹುರಿದ ರಾಗಿಯ ವಾಸನೆ.

ಮಧ್ಯಾಹ್ನ ಮಗಳು ಶಿಫ್ಟು ಮುಗಿಸಿ ಬಂದಳು. ಹುರುಳಿಕಾಳಿನ ಬಸ್ಸಾರು ಆಗಿತ್ತು. ನಡುಮನೆಯಲ್ಲಿ ತಟ್ಟೆ ಇಟ್ಟೆವು. ನಾಲ್ಕು. ಯಾರೂ ಕರೆಯಲಿಲ್ಲ, ಕರೆದರೆ ಬರುವುದಿಲ್ಲ ಅಂತ ಗೊತ್ತಿತ್ತು. ಹೆಂಡತಿ ಬ್ರೆಡ್ಡನ್ನು ಹೆಬ್ಬೆರಳು ದಪ್ಪ ಕೊಯ್ದು, ಕಂಬದ ಬುಡದ ತಟ್ಟೆಗೆ ಎರಡು ತುಂಡು ಹಾಕಿ, ಮೇಲೆ ತುಪ್ಪ ಸವರಿ, ಪಕ್ಕದಲ್ಲಿ ಸಾರು ಬಿಟ್ಟಳು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಇದು ಬ್ರೆಡ್ಡಾ?"

ಮಗಳು ಬಾಯಿ ತೆರೆದಳು. ನಾನು ಕಣ್ಸನ್ನೆ ಮಾಡಿದೆ. ಸುಳ್ಳು ಹೇಳಿದರೆ ಅಮ್ಮನಿಗೆ ತಿಳಿಯುತ್ತದೆ.

"ಬ್ರೆಡ್ಡೇ ಅಮ್ಮಾ" ಅಂದೆ. "ನೀನು ಮಾಡಿದ್ದು."

ಅವಳು ಬಂದು ಕಂಬಕ್ಕೆ ಒರಗಿ, ಮೆಲ್ಲಗೆ ಮಂಡಿ ಮಡಚಿ ಕೂತಳು. ಒಂದು ಚೂರು ಮುರಿದಳು. ಅದು ಪುಡಿಯಾಗಲಿಲ್ಲ, ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಸಾರಲ್ಲಿ ಅದ್ದಿದಳು. ಸಾರನ್ನೆಲ್ಲ ಹೀರಿಕೊಂಡು ಅದು ತೂಗಿತು. ಬಾಯಿಗಿಟ್ಟಳು. ಅಗಿಯಲಿಲ್ಲ. ನಾವು ಮೂವರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ಗಂಟಲು ಒಮ್ಮೆ ಏರಿತು, ತಡೆಯಿತು, ಇಳಿಯಿತು. ಎದೆಯ ಮೇಲೆ ಕೈ ಹೋಗಲಿಲ್ಲ.

"ಏನ್ ಹಂಗ್ ನೋಡ್ತೀರ, ಸಿನಿಮಾನಾ? ತಿನ್ರಿ" ಅಂದಳು. ಎರಡನೇ ಚೂರು ಮುರಿಯುತ್ತಾ, "ಉಪ್ಪು ಕಮ್ಮಿ ಆಗೈತೆ. ನಾಳೆ ನಾನ್ ಹಾಕ್ತೀನಿ, ನಿಂಗೆ ಅಳತೆ ಗೊತ್ತಾಗಲ್ಲ."

ಎರಡೂ ತುಂಡು ಮುಗಿಸಿ, ಬೆರಳುಗಳನ್ನು ಒಂದೊಂದಾಗಿ ನೆಕ್ಕಿ, ತಟ್ಟೆಯಲ್ಲೇ ಕೈ ತೊಳೆದಳು. ನಾನು ತಲೆ ಬಗ್ಗಿಸಿ ಸೊರಸೊರ ಸಾರು ಕುಡಿದೆ. ಖಾರ ಜಾಸ್ತಿ, ಕಣ್ಣಲ್ಲಿ ನೀರು ಬಂತು ಅಂತ ಹೆಂಡತಿಗೆ ಹೇಳಿದೆ. ಅವಳು ನಂಬಿದ ಹಾಗೆ ಮಾಡಿದಳು.

ಈಗ ದಿನ ಬಿಟ್ಟು ದಿನ ಮಿಷಿನ್ನು ಓಡುತ್ತದೆ. ಕರೆಂಟು ನಡುವೆ ಹೋದರೆ ಕೆಲವು ಸಲ ಕೆಡುತ್ತದೆ, ಕೆಟ್ಟದ್ದನ್ನು ಹಸುಗಳು ತಿನ್ನುತ್ತವೆ. ಅಮ್ಮನ ಗಂಟಲು ಪೂರ್ತಿ ಸರಿಯಾಗಿಲ್ಲ. ಮೂರು ತಿಂಗಳಿಗೊಮ್ಮೆ ಕೋಲಾರಕ್ಕೆ ಹೋಗುತ್ತೇವೆ. ಡಾಕ್ಟರು ಹಿಗ್ಗಿಸಿ ಕಳಿಸುತ್ತಾರೆ. ಇನ್ನೆಷ್ಟು ದಿನ ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಇವತ್ತಿಗೆ ನನ್ನದು ಅಂತ ಇರುವುದು ಇಷ್ಟು: ಒಂದು ಅಂಗಡಿ. ಒಂದೂವರೆ ಎಕರೆ ರಾಗಿ ಹೊಲ. ಹನ್ನೊಂದು ಮಾವಿನ ಮರ. ಎರಡು ಹಸು. ಒಂದು ಬ್ರೆಡ್ ಮಿಷಿನ್ನು. ಹೆಂಡತಿ, ಮಗಳು, ಅಮ್ಮ. ಊಟಕ್ಕೆ ನಾಲ್ಕು ತಟ್ಟೆ.